ಇಲಿಮರಿಗೆ ನೀರು ಕುಡಿಯುವುದು ಹುಟ್ಟಿನಿಂದ ಬರುತ್ತದೆಯೇ, ಕಲಿತು ಬರುತ್ತದೆಯೇ?

ಪ್ರಶ್ನೆ: ಕಲ್ಯಾಣಪುರದ ಮಾಸ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು ಮನೆಯ ಅಟ್ಟವನ್ನು ಚೊಕ್ಕ ಮಾಡಲು ಹತ್ತಿದಾಗ, ಮಡಚಿಟ್ಟಿದ್ದ ಹಳೆಯ ಗೋಣಿಯೊಳಗೆ ಇಲಿಯ ಗೂಡೊಂದು ಸಿಕ್ಕಿತು. ಏಳು ಮರಿಗಳಿದ್ದವು. ಮೈಮೇಲೆ ತೆಳುವಾಗಿ ರೋಮ ಬಂದಿತ್ತಾದರೂ ಒಂದರ ಕಣ್ಣೂ ತೆರೆದಿರಲಿಲ್ಲ. ತಾಯಿ ನಮ್ಮ ಸದ್ದಿಗೆ ಹೆದರಿ ಓಡಿಹೋಗಿತ್ತು. ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳು, ಆ ಸೆಕೆಯಲ್ಲಿ ಮರಿಗಳಿಗೆ ಬಾಯಾರುತ್ತಿರಬಹುದೆಂದು ಬಾಟಲಿಯ ಮುಚ್ಚಳವೊಂದರಲ್ಲಿ ನೀರು ತಂದು ಅವುಗಳ ಮೂತಿಯ ಮುಂದಿಟ್ಟಳು. ಒಂದು ಮರಿ ತೆವಳುತ್ತ ಬಂದು ಮುಚ್ಚಳದ ಅಂಚಿಗೆ ಮೂಗು ತಾಗಿಸಿ, ಒದ್ದೆಯಾದ ಮೂಗನ್ನು ಹಿಂದೆಗೆದುಕೊಂಡು ಮತ್ತೆ ಉಳಿದವುಗಳ ಅಡಿಗೆ ನುಗ್ಗಿತೇ ಹೊರತು ಒಂದು ಹನಿಯನ್ನೂ ನೆಕ್ಕಲಿಲ್ಲ. ನಾವು ಕೆಳಗಿಳಿದು ಬಂದ ಮೇಲೆ, ರಾತ್ರಿಯ ಹೊತ್ತಿಗೆ ತಾಯಿ ಬಂದು ಎಲ್ಲವನ್ನೂ ಬೇರೆಲ್ಲಿಗೋ ಸಾಗಿಸಿತ್ತು.

ಬಾಯಾರಿದ ಪ್ರಾಣಿ ನೀರು ಕಂಡರೆ ಕುಡಿಯುವುದು ಸಹಜ ಪ್ರವೃತ್ತಿ ಎಂದು ತರಗತಿಯಲ್ಲಿ ಇಷ್ಟು ವರ್ಷ ಹೇಳಿಕೊಂಡು ಬಂದವನು ನಾನು. "ಹಾಗಾದರೆ ಇದು ಯಾಕೆ ಕುಡಿಯಲಿಲ್ಲ?" ಎಂದು ಮಗಳು ಕೇಳಿದಾಗ "ಇನ್ನೂ ವಯಸ್ಸಾಗಿಲ್ಲ" ಎಂದು ಹೇಳಿ ತಪ್ಪಿಸಿಕೊಂಡೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಇಲಿಮರಿ ತಾನಾಗಿ ನೀರು ಕುಡಿಯಲು ತೊಡಗುವುದು ಯಾವ ವಯಸ್ಸಿನಲ್ಲಿ? ಅದಕ್ಕೆ ವಯಸ್ಸು ತುಂಬಿದರೆ ಸಾಕೇ, ಅಥವಾ ಮೊದಲು ಏನಾದರೂ ಅನುಭವ ಆಗಿರಬೇಕೇ? ಪ್ರಯೋಗಾಲಯಗಳಲ್ಲಿ ಇಲಿಗಳೊಡನೆ ಕೆಲಸ ಮಾಡಿದವರು ಈ ಗುಂಪಿನಲ್ಲಿ ಕೆಲವರಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ. ಸಾಧ್ಯವಿದ್ದರೆ ಮಕ್ಕಳೊಂದಿಗೆ ಸೇರಿ ಇದನ್ನೊಂದು ಚಿಕ್ಕ ಪ್ರಯೋಗವಾಗಿ ಮಾಡಬೇಕೆಂಬ ಆಸೆಯೂ ಇದೆ.

ಉತ್ತರ 1: ಉಮಿಪೆಟ್ಟಿಗೆ

ಮಾಸ್ಟ್ರೇ, ಮೊದಲು ಒಂದು ಮಾತು. ಆ ಗೋಣಿಯನ್ನೂ ಮುಚ್ಚಳವನ್ನೂ ಬರಿಗೈಯಲ್ಲಿ ಮುಟ್ಟಿದ್ದರೆ ಸಾಬೂನು ಹಚ್ಚಿ ಕೈ ತೊಳೆದುಕೊಳ್ಳಿ, ಮಗಳ ಕೈಯಲ್ಲೂ ತೊಳೆಸಿ, ಮುಚ್ಚಳವನ್ನು ಎಸೆದುಬಿಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ ಎಂಬುದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೂ ಮಳೆ ಶುರುವಾಗುವ ಹೊತ್ತಿಗೆ ಒಮ್ಮೆ ನೆನಪಿಸುವುದು ಒಳ್ಳೆಯದು.

ನಾನು ಈ ಜಿಲ್ಲೆಯ ಒಂದು ಕಾಲೇಜಿನ ಪ್ರಾಣಿಗೃಹದಲ್ಲಿ ಹಲವು ವರ್ಷ ಇಲಿಗಳ ಆರೈಕೆ ಮಾಡಿದವನು. ನಮ್ಮಲ್ಲಿದ್ದವು ವಿಸ್ಟಾರ್ ತಳಿಯ ಬಿಳಿ ಇಲಿಗಳು, ಎಂದರೆ ನಿಮ್ಮ ಅಟ್ಟದ ಕಪ್ಪು ಇಲಿಯ ದಾಯಾದಿಗಳು. ಹುಟ್ಟುವಾಗ ಮರಿಯ ತೂಕ 5ರಿಂದ 6 ಗ್ರಾಂ ಇರುತ್ತದೆ. ಎರಡು ವಾರ ತುಂಬುವಾಗ, 14 ಅಥವಾ 15ನೆಯ ದಿನಕ್ಕೆ, ಕಣ್ಣು ತೆರೆಯುತ್ತದೆ. 16ರಿಂದ 18ನೆಯ ದಿನದೊಳಗೆ ಮರಿಗಳು ತಾಯಿಯ ಆಹಾರವಾದ ಪೆಲೆಟ್ ಎಂಬ ಒಣ ಗುಳಿಗೆಗಳನ್ನು ಕಚ್ಚಿ ನೋಡಲು ತೊಡಗುತ್ತವೆ. ಸಾಮಾನ್ಯವಾಗಿ 21ನೆಯ ದಿನಕ್ಕೆ ನಾವು ಮರಿಗಳನ್ನು ತಾಯಿಯಿಂದ ಬೇರ್ಪಡಿಸುತ್ತೇವೆ. ಹಾಗೆಯೇ ಬಿಟ್ಟರೆ ಅವು ನಾಲ್ಕು ವಾರ ದಾಟಿದ ಮೇಲೂ ಆಗೊಮ್ಮೆ ಈಗೊಮ್ಮೆ ಮೊಲೆಗೆ ಬಾಯಿ ಹಾಕುತ್ತಲೇ ಇರುತ್ತವೆ. ನಿಮ್ಮ ಮರಿಗಳು ರೋಮ ಬಂದು ಕಣ್ಣು ತೆರೆಯದೆ ಇದ್ದವು ಎನ್ನುವುದರಿಂದ ಸುಮಾರು ಒಂದು ವಾರದಿಂದ ಹತ್ತು ದಿನ ಪ್ರಾಯದವು ಇರಬೇಕು.

ನೀರಿನ ವಿಚಾರದಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಪೆಟ್ಟಿಗೆಯ ಮೇಲಿನ ಸರಳಿನ ಮುಚ್ಚಳದಲ್ಲಿ ಬಾಟಲಿಯನ್ನು ತಲೆಕೆಳಗಾಗಿ ಸಿಕ್ಕಿಸಿರುತ್ತೇವೆ. ಅದರ ಉಕ್ಕಿನ ನಳಿಕೆ ಒಳಕ್ಕೆ ಇಳಿದಿರುತ್ತದೆ. ಮರಿಗಳು ಮೊದಲ ಬಾರಿ ಆ ನಳಿಕೆಯ ಬಳಿ ಬರುವುದು ನೀರಿಗಾಗಿ ಎಂದು ನನಗೆ ಯಾವತ್ತೂ ಅನಿಸಿಲ್ಲ. ತಾಯಿ ಕುಡಿಯಲು ಎದ್ದು ನಿಂತಾಗ ಅದರ ಹೊಟ್ಟೆಯಡಿಯ ಮೊಲೆಗೆ ಜೋತುಬಿದ್ದು ಬಂದ ಮರಿಯೊಂದು ಅಲ್ಲೇ ಉಳಿದುಬಿಡುತ್ತದೆ, ತಾಯಿ ಬಾಯಿ ತೆಗೆದ ಮೇಲೆ ಆ ಒದ್ದೆ ತುದಿಯನ್ನು ಮೂಸುತ್ತದೆ, ಕಚ್ಚುತ್ತದೆ, ಕಚ್ಚಿದಾಗ ಒಂದು ಹನಿ ಇಳಿದರೆ ಬೆಚ್ಚಿ ಹಿಂದೆ ಸರಿದು ಮೂತಿ ಒರೆಸಿಕೊಳ್ಳುತ್ತದೆ. ಇದೇ ಮರಿ ಒಂದೆರಡು ದಿನ ಕಳೆದು, ಬಾಯಿತುಂಬ ಒಣ ಪೆಲೆಟ್‌ನ ಪುಡಿ ಮೆತ್ತಿಕೊಂಡು ಬಂದು, ಅದೇ ನಳಿಕೆಯನ್ನು ದೊಡ್ಡ ಇಲಿಯಂತೆ ಟಕಟಕನೆ ನೆಕ್ಕುವುದನ್ನು ನೋಡಿದರೆ, ನಡುವೆ ಏನೋ ಒಂದು ಆಗಿದೆ ಎಂದು ಯಾರಿಗಾದರೂ ಅನಿಸದೆ ಇರದು. ಬೇರ್ಪಡಿಸಿದ ಮೊದಲ ದಿನ ನಳಿಕೆ ಮರಿಗಳಿಗೆ ಎಟುಕುವಷ್ಟು ಕೆಳಗಿದೆಯೇ ಎಂದು ನೋಡುವುದು, ಉಮಿಯ ಮೇಲೆ ಸ್ವಲ್ಪ ನೆನೆಸಿದ ಆಹಾರ ಇಡುವುದು ನಮ್ಮ ಕೆಲಸದ ಭಾಗವೇ ಆಗಿತ್ತು.

ಏನು ಆಗಿದೆ, ಯಾಕೆ ಆಗಿದೆ ಎಂಬುದನ್ನು ಓದಿಕೊಂಡವರೇ ಹೇಳಬೇಕು.

ಉತ್ತರ 2: ಕದ್ರಿಗುಡ್ಡೆ (ನಿವೃತ್ತ ಉಪನ್ಯಾಸಕಿ, ಶರೀರಕ್ರಿಯಾಶಾಸ್ತ್ರ)

ಮಾಸ್ಟ್ರ ಪ್ರಶ್ನೆ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹಳೆಯದು ಮತ್ತು ಆಳವಾದದ್ದು. ಉಮಿಪೆಟ್ಟಿಗೆಯವರು ಕಂಡದ್ದು ಸರಿಯಾಗಿಯೇ ಇದೆ. ಅದಕ್ಕೆ ಹಿನ್ನೆಲೆಯಾಗಿ ಕೆಲವು ಸಂಗತಿಗಳನ್ನು ಬರೆಯುತ್ತೇನೆ.

ದೊಡ್ಡ ಪ್ರಾಣಿಯಲ್ಲಿ ಬಾಯಾರಿಕೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ರಕ್ತದಲ್ಲಿ ಲವಣದ ಸಾಂದ್ರತೆ ಏರಿ ಜೀವಕೋಶಗಳೊಳಗಿನ ನೀರು ಹೊರಬಂದಾಗ ಒಂದು ಸೂಚನೆ ಹೋಗುತ್ತದೆ. ಈ ಏರಿಕೆ ಶೇಕಡಾ 1ರಿಂದ 2ರಷ್ಟಾದರೂ ಸಾಕು. ಬೆವರು, ಭೇದಿ ಅಥವಾ ರಕ್ತಸ್ರಾವದಿಂದ ರಕ್ತದ ಪ್ರಮಾಣವೇ ಇಳಿದಾಗ ಇನ್ನೊಂದು ಸೂಚನೆ ಹೋಗುತ್ತದೆ, ಇದರಲ್ಲಿ ಮೂತ್ರಪಿಂಡ ಹೊರಬಿಡುವ ರೆನಿನ್ ಮತ್ತು ಅದರಿಂದ ಉಂಟಾಗುವ ಆಂಜಿಯೊಟೆನ್ಸಿನ್ ಎಂಬ ರಾಸಾಯನಿಕಗಳು ಕೆಲಸ ಮಾಡುತ್ತವೆ. ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ 1950ರ ದಶಕದ ಆರಂಭದಲ್ಲಿ ಆಡಿನ ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ಗೆ ಗಾಢ ಉಪ್ಪುನೀರನ್ನು ಅತಿ ಸಣ್ಣ ಪ್ರಮಾಣದಲ್ಲಿ ಹಾಯಿಸಿದಾಗ ಆಡು ನೀರು ಕುಡಿಯತೊಡಗಿತು. 1970ರಲ್ಲಿ ಎಪ್‌ಸ್ಟೈನ್, ಫಿಟ್ಜ್‌ಸೈಮನ್ಸ್ ಮತ್ತು ರೋಲ್ಸ್ ಎಂಬವರು, ನೀರಿನ ಕೊರತೆಯೇ ಇಲ್ಲದ ಇಲಿಯ ಮಿದುಳಿಗೆ ಆಂಜಿಯೊಟೆನ್ಸಿನ್ ಕೊಟ್ಟು ಅದು ಕುಡಿಯುವಂತೆ ಮಾಡಿದರು.

ಇನ್ನು ಮರಿಗಳ ವಿಚಾರ. 1976ರಲ್ಲಿ ವಿರ್ತ್ ಮತ್ತು ಎಪ್‌ಸ್ಟೈನ್ ಪ್ರಕಟಿಸಿದ ಕೆಲಸವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಅವರು ಎಳೆ ಮರಿಯ ಬಾಯಿಯ ಮುಂಭಾಗಕ್ಕೆ ಕೂದಲಿನಂಥ ಸಣ್ಣ ನಳಿಕೆ ಕೂರಿಸಿ, ಅದರಿಂದ ನೀರನ್ನು ನಿಧಾನವಾಗಿ ಒಳಬಿಟ್ಟರು. ಮರಿ ಬೇಕಾದರೆ ನುಂಗಬಹುದು, ಬೇಡವಾದರೆ ಬಾಯಿಯಿಂದ ಸುರಿದುಹೋಗಲು ಬಿಡಬಹುದು. ಜೀವಕೋಶದ ನೀರು ಕಡಿಮೆ ಮಾಡಿದಾಗ 2 ದಿನದ ಮರಿಯೇ ಹೆಚ್ಚು ನುಂಗಿತು. ರಕ್ತದ ಪ್ರಮಾಣ ಇಳಿಸಿದಾಗ ಹೆಚ್ಚು ನುಂಗುವುದು 4ನೆಯ ದಿನಕ್ಕೆ ಕಂಡಿತು. ರೆನಿನ್ ಹೊರಬರುವಂತೆ ಮಾಡುವ ಐಸೊಪ್ರೊಟೆರೆನಾಲ್ ಎಂಬ ಔಷಧಕ್ಕೆ 6ನೆಯ ದಿನದಿಂದ ಪ್ರತಿಕ್ರಿಯೆ ಬಂತು. ಎಂದರೆ, ಕಣ್ಣು ಕಿವಿ ತೆರೆಯುವ ಎಷ್ಟೋ ಮೊದಲೇ, ತಾನಾಗಿ ಒಂದು ಹನಿ ನೀರನ್ನೂ ಕುಡಿದು ಗೊತ್ತಿಲ್ಲದ ಪ್ರಾಯದಲ್ಲಿ, ಬಾಯಾರಿಕೆಯ ಒಳಗಿನ ಯಂತ್ರ ಒಂದೊಂದಾಗಿ ಸಿದ್ಧವಾಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಅಟ್ಟದ ಮರಿಗಳಿಗೆ ಮೂರೂ ಸೂಚನೆಗಳನ್ನು ಗ್ರಹಿಸುವ ಪ್ರಾಯ ಆಗಿತ್ತು.

ಆದರೆ ಹಾಲು ಚೀಪುವುದು ಬೇರೆಯೇ ಲೆಕ್ಕ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಈ ವಿಷಯದ ಮೇಲೆ ಕೆಲಸ ಮಾಡಿದ ಡಬ್ಲ್ಯು. ಜಿ. ಹಾಲ್ ಅವರು, ರೋಸೆನ್‌ಬ್ಲಾಟ್ ಜತೆ 1977ರಲ್ಲಿ ತೋರಿಸಿದಂತೆ, ಮೊಲೆ ಕಚ್ಚಿಕೊಂಡಿರುವ ಮರಿಯ ಬಾಯಿಗೆ ನಳಿಕೆಯಿಂದ ಹಾಲು ಬಿಡುತ್ತ ಹೋದರೆ, ಹತ್ತು ದಿನದೊಳಗಿನ ಮರಿ ಹೊಟ್ಟೆ ಬಿರಿಯುವಷ್ಟಾದರೂ ಸಾಕೆನ್ನುವುದಿಲ್ಲ. ಎರಡು ವಾರ ದಾಟಿದ ಮರಿಯಾದರೆ ಹೊಟ್ಟೆ ತುಂಬಿದ ಮೇಲೆ ಬಿಡುತ್ತದೆ. ಅಲ್ಲದೆ ಚಿಕ್ಕ ಮರಿ ಬಾಯಾರಿಕೆ, ಹಸಿವು ಎಂದು ಬೇರೆ ಬೇರೆ ಮಾಡಿ ಮೊಲೆಗೆ ಹೋಗುವುದಿಲ್ಲ. ಮೊಲೆ ಸಿಕ್ಕಿದರೆ ಚೀಪುತ್ತದೆ, ಅಷ್ಟೇ. ತಾಯಿಯ ಹಾಲಿನಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುವುದರಿಂದ ಬೇರೆ ಮಾಡುವ ಅಗತ್ಯವೂ ಬೀಳುವುದಿಲ್ಲ.

ಇಲ್ಲಿ ತಾಯಿಯ ಪಾತ್ರವನ್ನು ಹೇಳದೆ ಬಿಡಲಾರೆ. ಎಳೆ ಮರಿಗೆ ತಾನಾಗಿ ಮೂತ್ರ ಮಾಡಲು ಬರುವುದಿಲ್ಲ. ತಾಯಿ ಹಿಂಭಾಗವನ್ನು ನೆಕ್ಕಿದಾಗ ಮಾತ್ರ ಅದು ಮೂತ್ರ ಬಿಡುತ್ತದೆ, ತಾಯಿ ಅದನ್ನು ಕುಡಿಯುತ್ತದೆ. ಹೀಗೆ ಹಾಲಿನ ಮೂಲಕ ಮರಿಗೆ ಹೋದ ನೀರಿನ ದೊಡ್ಡ ಪಾಲು ತಾಯಿಗೇ ಮರಳುತ್ತದೆ ಎಂದು ಫ್ರೀಡ್‌ಮನ್ ಮತ್ತು ಬ್ರೂನೊ 1976ರಲ್ಲಿ ತೋರಿಸಿದರು. ಮರಿಯ ಮೂತ್ರಪಿಂಡಕ್ಕೆ ಮೂತ್ರವನ್ನು ಗಾಢಗೊಳಿಸಿ ನೀರು ಉಳಿಸುವ ಶಕ್ತಿ ಮೂರನೆಯ ವಾರದವರೆಗೆ ಬಹಳ ಕಡಿಮೆ ಇರುವುದರಿಂದ, ಮೂತ್ರ ತೆಳುವಾಗಿಯೇ ಇರುತ್ತದೆ, ತಾಯಿಗೆ ಅದು ಬಹುಮಟ್ಟಿಗೆ ನೀರು ಸಿಕ್ಕಿದಂತೆಯೇ. ಹಾಲು ಕೊಡುವ ಒಂದು ಜೀವ ಮತ್ತು ಏಳೆಂಟು ಮರಿಗಳು ಒಂದೇ ಕೊಡದ ನೀರನ್ನು ಸುತ್ತಿಸುತ್ತಿರುತ್ತವೆ ಎನ್ನಬಹುದು.

ಪ್ರಶ್ನೆ ಕೇಳಿದವರಿಂದ: ಕಲ್ಯಾಣಪುರದ ಮಾಸ್ಟ್ರು

ಇಬ್ಬರಿಗೂ ಕೃತಜ್ಞತೆಗಳು. ಕೈ ತೊಳೆದಾಯಿತು, ಮುಚ್ಚಳ ಕಸಕ್ಕೆ ಹೋಯಿತು.

ಮೇಡಂ, ನನಗೊಂದು ತೊಡಕು ಉಳಿಯಿತು. 2 ದಿನದ ಮರಿಯೇ ಬಾಯಾರಿದಾಗ ಹೆಚ್ಚು ನೀರು ನುಂಗುತ್ತದೆ ಎಂದು ನೀವು ಬರೆದಿದ್ದೀರಿ. ಹಾಗಿದ್ದರೆ ಹತ್ತು ದಿನದ ಮರಿ ಮೂತಿಗೆ ನೀರು ತಾಗಿದರೂ ಯಾಕೆ ಕುಡಿಯಲಿಲ್ಲ? ಅದಕ್ಕೆ ಬಾಯಾರಿರಲಿಲ್ಲ ಎಂದುಕೊಳ್ಳೋಣವೇ? ತಾಯಿ ಬಿಟ್ಟುಹೋಗಿ ಆಗ ಹೆಚ್ಚೆಂದರೆ ಅರ್ಧ ಗಂಟೆ ಆಗಿತ್ತು ಎಂಬುದನ್ನೂ ಒಪ್ಪುತ್ತೇನೆ.

ಉತ್ತರ 3: ಕದ್ರಿಗುಡ್ಡೆ

ಅರ್ಧ ಗಂಟೆಯಲ್ಲಿ ಬಾಯಾರಿರಲಾರದು ಎಂಬುದು ನಿಮ್ಮ ಮರಿಯ ಮಟ್ಟಿಗೆ ಸಾಕಾದ ಉತ್ತರವೇ. ಆದರೆ ಬಾಯಾರಿದ್ದರೂ ಅದು ಬಹುಶಃ ಕುಡಿಯುತ್ತಿರಲಿಲ್ಲ. ನಿಮ್ಮ ಪ್ರಶ್ನೆಯ ತಿರುಳಿರುವುದು ಅಲ್ಲಿಯೇ ಎಂದು ನಾನು ತಿಳಿದಿದ್ದೇನೆ.

ಬಾಯಿಯೊಳಕ್ಕೆ ಬಂದ ನೀರನ್ನು ನುಂಗುವುದು ಒಂದು ಕೆಲಸ, ನೀರಿರುವಲ್ಲಿಗೆ ಎದ್ದು ಹೋಗುವುದು ಇನ್ನೊಂದು. ಬೆಳೆದ ಪ್ರಾಣಿಯಲ್ಲಿ ಎರಡೂ ಒಂದರ ಹಿಂದೊಂದು ಬರುವುದರಿಂದ ನಾವು ಅವನ್ನು ಒಂದೇ ಎಂದು ತಿಳಿಯುತ್ತೇವೆ. ವಿರ್ತ್ ಮತ್ತು ಎಪ್‌ಸ್ಟೈನ್ ಅಳೆದದ್ದು ಮೊದಲನೆಯದನ್ನು. ಅಲ್ಲಿ ನೀರನ್ನು ಬಾಯಿಯವರೆಗೆ ತಂದುಕೊಡುವ ಕೆಲಸವನ್ನು ನಳಿಕೆ ಮಾಡಿತ್ತು. ಎರಡನೆಯದನ್ನು ಹಾಲ್ ಮತ್ತು ಅವರ ಸಂಗಡಿಗರು 2000 ಮತ್ತು 2002ರಲ್ಲಿ ಪ್ರಕಟಿಸಿದ ಕೆಲಸಗಳಲ್ಲಿ ನೇರವಾಗಿ ಪರೀಕ್ಷಿಸಿದರು. ದೇಹದಲ್ಲಿ ನೀರು ಕಡಿಮೆಯಾಗುವ ಅನುಭವವೇ ಇಲ್ಲದೆ ಬೆಳೆದ ಎಳೆ ಇಲಿಗಳಲ್ಲಿ, ಓಡಾಡಲು, ನೆಕ್ಕಲು ಎಲ್ಲ ಬರುವ ಪ್ರಾಯದಲ್ಲಿ, ಮೊದಲ ಬಾರಿಗೆ ನೀರಿನ ಕೊರತೆ ಉಂಟುಮಾಡಿದಾಗ ಅವು ನೀರಿನತ್ತ ಹೋಗಲಿಲ್ಲ. ದೇಹದೊಳಗೆ ಕೊರತೆ ಇತ್ತು, ನೀರು ಎಲ್ಲಿದೆ ಎಂದು ತಿಳಿದಿತ್ತು, ಆದರೆ ಈ ಸಂಕಟಕ್ಕೆ ಆ ನೀರೇ ಮದ್ದು ಎಂಬ ಕೊಂಡಿ ಬಿದ್ದಿರಲಿಲ್ಲ. ಅದೇ ಇಲಿಗಳಿಗೆ ಕೊರತೆ ಇರುವಾಗ ನೀರು ಕುಡಿದು ಹಗುರವಾಗುವ ಅನುಭವ ಸಿಕ್ಕಿದ ಮೇಲೆ, ಮುಂದಿನ ಬಾರಿ ಕೊರತೆಯಾದಾಗ ಅವು ನೀರನ್ನು ಅರಸಿಕೊಂಡು ಹೋದವು.

ಉಮಿಪೆಟ್ಟಿಗೆಯವರು "ಬಾಯಿತುಂಬ ಒಣ ಪೆಲೆಟ್‌ನ ಪುಡಿ" ಎಂದು ಬರೆದ ಆ ಒಂದೆರಡು ದಿನಗಳಲ್ಲಿ ಆಗುವುದು ಇದೇ ಎಂದು ನನ್ನ ಅಭಿಪ್ರಾಯ. ಹಾಲು ಮಾತ್ರ ಕುಡಿಯುವ ಮರಿಗೆ ನೀರಿನ ಕೊರತೆ ಮತ್ತು ಆಹಾರದ ಕೊರತೆ ಯಾವಾಗಲೂ ಜತೆಯಾಗಿಯೇ ಬರುತ್ತವೆ, ಜತೆಯಾಗಿಯೇ ಹೋಗುತ್ತವೆ. ಒಣ ಆಹಾರ ಹೊಟ್ಟೆಗೆ ಬಿದ್ದಾಗ ಮೊದಲ ಬಾರಿಗೆ ಇವೆರಡೂ ಬೇರೆಯಾಗುತ್ತವೆ: ಹೊಟ್ಟೆ ತುಂಬಿದೆ, ಆದರೂ ಏನೋ ಸರಿಯಿಲ್ಲ. ಆ ಹೊತ್ತಿಗೆ ಹತ್ತಿರದಲ್ಲಿ ನಳಿಕೆ ಇದ್ದು, ಅದನ್ನು ಆಟಕ್ಕೋ ಕುತೂಹಲಕ್ಕೋ ನೆಕ್ಕಿದಾಗ ಆ ಸಂಕಟ ಇಳಿದರೆ, ಪಾಠ ಅಲ್ಲಿಗೇ ಮುಗಿಯಿತು. ಪ್ರತಿಯೊಂದು ಮರಿಗೂ ಇದು ಹಾಲು ಬಿಡುವ ವಾರದಲ್ಲಿ ತಪ್ಪದೆ ಆಗುವುದರಿಂದ ಎಲ್ಲ ಇಲಿಗಳೂ ಒಂದೇ ಪ್ರಾಯದಲ್ಲಿ ಕುಡಿಯಲು ಕಲಿಯುತ್ತವೆ. ನಾವು ಅದನ್ನು ನೋಡಿ ವಯಸ್ಸಿನ ಗುಣ ಎಂದು ಬರೆದುಕೊಳ್ಳುತ್ತೇವೆ. ವಯಸ್ಸು ಮತ್ತು ಅನುಭವ ಹೀಗೆ ಹೆಗಲೆಣೆಯಾಗಿ ನಡೆಯುವಾಗ ಅವನ್ನು ಬಿಡಿಸಿ ನೋಡಲು, ಒಂದನ್ನು ಬೇಕೆಂದೇ ತಡೆಹಿಡಿಯುವ ಪ್ರಯೋಗ ಬೇಕಾಗುತ್ತದೆ.

ಕಲಿಕೆ ಎಂದರೆ ದೊಡ್ಡವರಿಗೆ ಮಾತ್ರ ಸೇರಿದ್ದು ಎಂದು ತಿಳಿಯಬೇಡಿ. ಒಂದು ದಿನದ ಇಲಿಮರಿ, ತಲೆಯ ಮೇಲಿರಿಸಿದ ಪಟ್ಟಿಯನ್ನು ಮೂತಿಯಿಂದ ಒತ್ತಿದರೆ ಬಾಯಿಗೆ ಹಾಲು ಬರುತ್ತದೆ ಎಂಬುದನ್ನು ಕಲಿಯುತ್ತದೆ ಎಂದು ಜೋಹಾನ್ಸನ್ ಮತ್ತು ಹಾಲ್ 1979ರಲ್ಲಿಯೇ ವರದಿ ಮಾಡಿದ್ದಾರೆ. ಅದೇ ವರ್ಷ ಹಾಲ್ ಇನ್ನೊಂದು ಸಂಗತಿಯನ್ನೂ ತೋರಿಸಿದರು. ತಾಯಿಯಿಂದ ದೂರವಿಟ್ಟ, ಹೊಟ್ಟೆ ಖಾಲಿಯಿರುವ ಎಳೆ ಮರಿಗಳು ಬೆಚ್ಚಗಿನ ಪೆಟ್ಟಿಗೆಯಲ್ಲಿದ್ದರೆ ಚುರುಕಾಗಿ ಹಾಲು ನೆಕ್ಕುತ್ತವೆ, ತಂಪಾಗಿದ್ದರೆ ಸುಮ್ಮನೆ ಮುದುಡಿ ಮಲಗುತ್ತವೆ. ಆ ಬೆಚ್ಚಗೆ ಎಂದರೆ ಮೂವತ್ತು ಡಿಗ್ರಿಗಿಂತ ಮೇಲೆ, ಹೆಚ್ಚುಕಡಿಮೆ ನಮ್ಮ ಮೇ ತಿಂಗಳ ಅಟ್ಟದಷ್ಟೇ! ಆದ್ದರಿಂದ ನಿಮ್ಮ ಮರಿ ಚಳಿಗೆ ಮುದುಡಿತ್ತು ಎಂಬ ನೆಪವನ್ನು ನಾನು ಕೊಡಲಾರೆ.

ಕಲಿಕೆ ಅಲ್ಲಿಗೆ ನಿಲ್ಲುವುದೂ ಇಲ್ಲ. ಬೆಳೆದ ಇಲಿ ದಿನಕ್ಕೆ ತನ್ನ ದೇಹದ ಪ್ರತಿ 100 ಗ್ರಾಂ ತೂಕಕ್ಕೆ ಸುಮಾರು 10ರಿಂದ 12 ಮಿಲಿಲೀಟರ್ ನೀರು ಕುಡಿಯುತ್ತದೆ, ಅದರಲ್ಲಿ ಹೆಚ್ಚಿನದನ್ನು ಊಟದ ಆಸುಪಾಸಿನಲ್ಲಿಯೇ ಕುಡಿಯುತ್ತದೆ. ಫಿಟ್ಜ್‌ಸೈಮನ್ಸ್ ಮತ್ತು ಲ ಮಾನ್ಯೆನ್ 1969ರಲ್ಲಿ ಇಲಿಗಳ ಆಹಾರವನ್ನು ಪಿಷ್ಟದಿಂದ ಪ್ರೋಟೀನಿಗೆ ಬದಲಿಸಿದರು. ಪ್ರೋಟೀನು ಹೆಚ್ಚಾದರೆ ನೀರೂ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಇಲಿಗಳು ಊಟವಾಗಿ ಎಷ್ಟೋ ಹೊತ್ತಿನ ಮೇಲೆ, ಕೊರತೆ ಉಂಟಾದ ನಂತರ, ಹೆಚ್ಚುವರಿ ನೀರು ಕುಡಿದವು. ಕೆಲವು ದಿನಗಳಲ್ಲಿ ಆ ಹೆಚ್ಚುವರಿ ನೀರು ಊಟದ ಜತೆಗೇ ಸೇರಿಹೋಯಿತು. ಎಂದರೆ ಬರಲಿರುವ ಬಾಯಾರಿಕೆಗೆ ಅವು ಮೊದಲೇ ಕುಡಿಯತೊಡಗಿದವು. ನಮ್ಮಲ್ಲಿ ಬಾಳೆ ಎಲೆಯ ಪಕ್ಕ ನೀರಿನ ಲೋಟ ಮೊದಲೇ ಬಂದು ಕೂರುವುದನ್ನು ನೋಡುವಾಗೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಉತ್ತರ 4: ಬಿಕರ್ನಕಟ್ಟೆ

ಶೀರ್ಷಿಕೆಯ ಮೇಲೆ ಕಣ್ಣಾಡಿಸಿ "ಕುಡಿಯುವುದು" ಎಂಬುದನ್ನು "ಕುಡಿತ" ಎಂದು ಓದಿಕೊಂಡು ಒಳಗೆ ಬಂದವನು ನಾನು. ಮದ್ಯವರ್ಜನ ಶಿಬಿರಗಳಲ್ಲಿ ಆಪ್ತಸಲಹೆಯ ಕೆಲಸ ಮಾಡುವವರಿಗೆ ಈ ದೃಷ್ಟಿದೋಷ ಸಾಮಾನ್ಯ. ಬಂದಮೇಲೆ ಹಾಗೆಯೇ ಹೋಗಲು ಮನಸ್ಸಾಗಲಿಲ್ಲ. ವಯಸ್ಸು ಮತ್ತು ಎಳವೆಯ ಅನುಭವ ಎಂಬ ಇದೇ ಎರಡು ಎಳೆಗಳು ಇಲಿಗಳ ಮದ್ಯಸೇವನೆಯ ಅಧ್ಯಯನಗಳಲ್ಲೂ ಬಹಳ ಸ್ಪಷ್ಟವಾಗಿ ಕಾಣುತ್ತವೆ.

ಇಲಿಗೆ ಸುಮಾರು 28ರಿಂದ 42ನೆಯ ದಿನದವರೆಗಿನ ಕಾಲ ಹದಿಹರೆಯ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಲಿಂಡಾ ಸ್ಪಿಯರ್ ಮತ್ತು ಸಹೋದ್ಯೋಗಿಗಳು ಈ ಪ್ರಾಯದ ಇಲಿಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ದೇಹದ ತೂಕಕ್ಕೆ ಹೋಲಿಸಿದರೆ ಹದಿಹರೆಯದ ಇಲಿ ಬೆಳೆದ ಇಲಿಗಿಂತ ಹೆಚ್ಚು ಮದ್ಯ ಕುಡಿಯಬಲ್ಲದು. "ಸಾಕು, ನಿಲ್ಲಿಸು" ಎಂದು ದೇಹ ಹೇಳುವ ಸೂಚನೆಗಳು ಆ ಪ್ರಾಯದಲ್ಲಿ ದುರ್ಬಲವಾಗಿರುವುದು ಇದಕ್ಕೊಂದು ಕಾರಣ. ನಿದ್ದೆ ಬರುವುದು, ಕಾಲು ತಡವರಿಸುವುದು, ಮರುದಿನದ ಸಂಕಟ ಎಲ್ಲವೂ ಅವಕ್ಕೆ ಕಡಿಮೆ. ಅಷ್ಟೇ ಪ್ರಮಾಣದ ಮದ್ಯ ಕೊಟ್ಟು ಬೆನ್ನ ಮೇಲೆ ಮಲಗಿಸಿದರೆ ಅವು ಬೆಳೆದ ಇಲಿಗಿಂತ ಬೇಗ ಹೊರಳಿ ಎದ್ದು ನಿಲ್ಲುತ್ತವೆ. ಸಂಗಡಿಗರ ಜತೆ ಬೆರೆಯುವ ಹುಮ್ಮಸ್ಸು ಅಲ್ಪ ಪ್ರಮಾಣದ ಮದ್ಯದಿಂದ ಅವಕ್ಕೆ ಇನ್ನಷ್ಟು ಏರುತ್ತದೆ. ಇದಕ್ಕೆ ವಿರುದ್ಧವಾಗಿ, ನೆನಪಿನ ಶಕ್ತಿಗೆ ಆಗುವ ಪೆಟ್ಟು ಎಳೆಯ ಇಲಿಗಳಿಗೇ ಹೆಚ್ಚು ಎಂದು ಡ್ಯೂಕ್ ವಿಶ್ವವಿದ್ಯಾಲಯದ ಸ್ವಾರ್ಟ್ಸ್‌ವೆಲ್ಡರ್ ತಂಡ 1990ರ ದಶಕದಲ್ಲಿ ತೋರಿಸಿತು. ತಡೆಯುವ ಪರಿಣಾಮ ಕಡಿಮೆ, ಕೆಡಿಸುವ ಪರಿಣಾಮ ಹೆಚ್ಚು. ಶಿಬಿರಕ್ಕೆ ಬರುವ ಹುಡುಗರು "ನನಗೆ ಎಷ್ಟು ಕುಡಿದರೂ ಏರುವುದಿಲ್ಲ" ಎಂದು ಹೆಮ್ಮೆಯಿಂದ ಹೇಳುವಾಗ ನನಗೆ ಆ ಹೊರಳಿ ನಿಲ್ಲುವ ಇಲಿಯ ಚಿತ್ರ ಕಣ್ಣ ಮುಂದೆ ಬರುತ್ತದೆ.

ಅನುಭವದ ವಿಚಾರ ಇನ್ನೂ ಹಿಂದಕ್ಕೆ ಹೋಗುತ್ತದೆ. ಬಸಿರಿನ ಕೊನೆಯ ದಿನಗಳಲ್ಲಿ ತಾಯಿ ಇಲಿಗೆ ಸ್ವಲ್ಪ ಮದ್ಯ ಕೊಟ್ಟರೆ ಅದರ ವಾಸನೆ, ರುಚಿ ಗರ್ಭದ ನೀರಿಗೂ ಸೇರುತ್ತದೆ. ಹುಟ್ಟಿದ ಮೇಲೆ ಆ ಮರಿಗಳು ಮದ್ಯವನ್ನು ಉಳಿದವುಗಳಿಗಿಂತ ಸುಲಭವಾಗಿ ಸ್ವೀಕರಿಸುತ್ತವೆ ಎಂದು ಅರ್ಜೆಂಟೀನಾದ ಕಾರ್ಡೊಬಾದ ಹುವಾನ್ ಕಾರ್ಲೋಸ್ ಮೊಲಿನಾ ಮತ್ತು ಸಂಗಡಿಗರು ಅನೇಕ ಪ್ರಯೋಗಗಳಲ್ಲಿ ಕಂಡಿದ್ದಾರೆ. ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಮರಿಗಳನ್ನು ದಿನಕ್ಕೆ 15 ನಿಮಿಷ ತಾಯಿಯಿಂದ ದೂರ ಇಡುವುದಕ್ಕೂ 3 ಗಂಟೆ ದೂರ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಗುಂಪು, ವಿಶೇಷವಾಗಿ ಗಂಡುಗಳು, ಬೆಳೆದ ಮೇಲೆ ಹೆಚ್ಚು ಕುಡಿದದ್ದನ್ನು ಹಲವು ಪ್ರಯೋಗಾಲಯಗಳು ವರದಿ ಮಾಡಿವೆ. ಎಲ್ಲ ಕಡೆಯೂ ಒಂದೇ ಫಲಿತಾಂಶ ಬಂದಿಲ್ಲ ಎಂಬುದನ್ನೂ ಹೇಳಲೇಬೇಕು. ತಳಿ, ಲಿಂಗ, ಹೋಲಿಕೆಗೆ ಯಾವ ಗುಂಪನ್ನು ಇಟ್ಟುಕೊಂಡರು ಎಂಬುದರ ಮೇಲೆ ಅದು ಬದಲಾಗುತ್ತದೆ.

ಮನುಷ್ಯರಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ. ಗ್ರಾಂಟ್ ಮತ್ತು ಡಾಸನ್ 1997ರಲ್ಲಿ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರಿಂದ ಕಂಡುಕೊಂಡಂತೆ, 15 ವರ್ಷಕ್ಕೆ ಮೊದಲೇ ಕುಡಿಯಲು ತೊಡಗಿದವರಲ್ಲಿ ಸುಮಾರು ಶೇಕಡಾ 40 ಮಂದಿ ಜೀವನದಲ್ಲಿ ಎಂದಾದರೂ ಮದ್ಯಕ್ಕೆ ದಾಸರಾಗಿದ್ದರು, 20 ದಾಟಿ ತೊಡಗಿದವರಲ್ಲಿ ಈ ಪ್ರಮಾಣ ಸುಮಾರು ಶೇಕಡಾ 10 ಇತ್ತು. ಬೇಗ ತೊಡಗಿದ್ದರಿಂದ ಹೀಗಾಯಿತೋ, ಹೀಗಾಗುವ ಮನೆ ಮತ್ತು ಸ್ವಭಾವದಲ್ಲಿ ಹುಟ್ಟಿದವರೇ ಬೇಗ ತೊಡಗಿದರೋ ಎಂದು ಸಮೀಕ್ಷೆ ಹೇಳಲಾರದು. ಇಲಿಗಳಲ್ಲಾದರೆ ಒಂದೇ ಹೆರಿಗೆಯ ಮರಿಗಳನ್ನು ಎರಡು ಗುಂಪು ಮಾಡಬಹುದು.

ಉತ್ತರ 5: ಪರ್ಕಳ ಪೇಟೆ

ಎಲ್ಲವನ್ನೂ ಓದಿದೆ. ಆದರೆ ಪ್ರಯೋಗಾಲಯದ ಇಲಿಯನ್ನು ಹಾಲಿನಿಂದ ನೇರವಾಗಿ ಒಣ ಪೆಲೆಟ್‌ಗೆ ತರುತ್ತಾರೆ. ನಮ್ಮ ಮಕ್ಕಳು ಹಾಲಿನಿಂದ ಗಂಜಿಗೆ, ಗಂಜಿಯಿಂದ ಮೆತ್ತನೆಯ ಅನ್ನಕ್ಕೆ ಬರುತ್ತಾರೆ. ಅವರಿಗೆ ಈ "ಹೊಟ್ಟೆ ತುಂಬಿದೆ, ಆದರೂ ಸರಿಯಿಲ್ಲ" ಎಂಬ ಪಾಠ ಯಾವಾಗ ಸಿಗುತ್ತದೆ? ನಮ್ಮ ಅಜ್ಜಿ ಹಸುಗೂಸಿಗೂ ಚಮಚದಲ್ಲಿ ನೀರು ಹಾಕುತ್ತಿದ್ದರು. ಈಗಿನ ಡಾಕ್ಟರರು ಬೇಡವೆನ್ನುತ್ತಾರೆ.

ಉತ್ತರ 6: ಕದ್ರಿಗುಡ್ಡೆ

ಡಾಕ್ಟರರು ಹೇಳುವುದು ಸರಿ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ ಸಾಕು, ನೀರು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಕ್ಕಳಲ್ಲಿ ನೀರು ಮತ್ತು ಹಸಿವು ಬೇರೆಯಾಗುವ ಹೊತ್ತನ್ನು ಇಲಿಯ ದಿನಗಳ ಲೆಕ್ಕದಿಂದ ಹೇಳಲು ನಾನು ಹೋಗುವುದಿಲ್ಲ. ಗಂಜಿ ಉಣ್ಣುವ ಮಗುವಿಗೆ ಆ ಪಾಠ ನಿಧಾನವಾಗಿ ಸಿಗುತ್ತದೆ ಎಂಬ ನಿಮ್ಮ ಊಹೆ ಮಾತ್ರ ನನಗೆ ಇಷ್ಟವಾಯಿತು.

ಎಳವೆಯ ಕೊರತೆ ಮನುಷ್ಯರಲ್ಲೂ ಗುರುತು ಉಳಿಸುತ್ತದೆ ಎಂಬುದಕ್ಕೆ ಉಪ್ಪಿನ ಉದಾಹರಣೆಯನ್ನು ಕೊಡಬಹುದು. ಹುಟ್ಟುವ ಮೊದಲು ಅಥವಾ ಹುಟ್ಟಿದ ಹೊಸತರಲ್ಲಿ ಸೋಡಿಯಂ ಕೊರತೆ ಕಂಡ ಇಲಿಗಳು ಬೆಳೆದ ಮೇಲೆ ಹೆಚ್ಚು ಉಪ್ಪು ಬಯಸುತ್ತವೆ ಎಂದು ಹೈಫಾ ವಿಶ್ವವಿದ್ಯಾಲಯದ ಮೈಕಾ ಲೆಶೆಮ್ ಅವರ ಕೆಲಸ ತೋರಿಸಿದೆ. 1995ರಲ್ಲಿ ಕ್ರಿಸ್ಟಲ್ ಮತ್ತು ಬರ್ನ್‌ಸ್ಟೈನ್, ಬಸಿರಿನಲ್ಲಿ ತಾಯಿಗೆ ಹೆಚ್ಚು ವಾಂತಿಯಾಗಿದ್ದ ಕಾಲೇಜು ವಿದ್ಯಾರ್ಥಿಗಳು ಉಳಿದವರಿಗಿಂತ ಉಪ್ಪಿನ ತಿಂಡಿಗೆ ಹೆಚ್ಚು ಒಲಿದದ್ದನ್ನು ಕಂಡರು.

ಮಾಸ್ಟ್ರೇ, ನಿಮ್ಮ ಪ್ರಯೋಗದ ಆಸೆಗೆ ಉಳಿದ ಉತ್ತರ: ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮತ್ತು ಅದರಡಿಯ 1998ರ ನಿಯಮಗಳ ಪ್ರಕಾರ, ಪ್ರಾಣಿಗಳ ಮೇಲೆ ಪ್ರಯೋಗ ನಡೆಸಲು ಸಂಸ್ಥೆಯ ನೋಂದಣಿ ಮತ್ತು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದ ಕಡೆ ಪ್ರಯೋಗ ತಪ್ಪಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಪ್ರಾಣಿಯನ್ನು ಬಾಯಾರಿಸದೆ, ಮುಟ್ಟದೆ, ಬರೀ ನೋಡಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಪ್ರಶ್ನೆ ಕೇಳಿದವರಿಂದ: ಕಲ್ಯಾಣಪುರದ ಮಾಸ್ಟ್ರು

ಒಪ್ಪಿದೆ, ಮೇಡಂ. "ಸಹಜ ಪ್ರವೃತ್ತಿ" ಎಂದು ಟಿಪ್ಪಣಿಯಲ್ಲಿ ಬರೆಸಿದ್ದನ್ನು ಶಾಲೆ ತೆರೆದ ಮೊದಲ ವಾರವೇ ತಿದ್ದಿಸುತ್ತೇನೆ. ನುಂಗುವುದು, ಅರಸುವುದು ಎಂಬ ಎರಡು ಸಾಲುಗಳನ್ನು ಬೇರೆ ಬೇರೆ ಬರೆಸುವುದೆಂದು ನಿಶ್ಚಯಿಸಿದ್ದೇನೆ. ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳ ಮೊದಲ ಪ್ರಶ್ನೆ, ಹಾಗಾದರೆ ನಳಿಕೆಯೂ ಇಲ್ಲದ, ತಾಯಿಯೂ ತೋರಿಸದ ಕಡೆ ಅಟ್ಟದ ಇಲಿ ನೀರನ್ನು ಮೊದಲ ಬಾರಿ ಎಲ್ಲಿ ಕಾಣುತ್ತದೆ ಎಂಬುದಾಗಿತ್ತು. ಹೆಂಚಿನ ಸಂದಿಯಿಂದ ಇಳಿಯುವ ಮಳೆನೀರು ಇರಬಹುದು ಎಂದು ಅವಳೇ ಉತ್ತರವನ್ನೂ ಕೊಟ್ಟಳು.

ನೆರೆಮನೆಯ ಹಟ್ಟಿಯಲ್ಲಿ ಕಳೆದ ವಾರ ಒಂದು ದನ ಕರು ಹಾಕಿದೆ. ಕರು ಮೊದಲ ಬಾರಿ ಹುಲ್ಲಿಗೆ ಬಾಯಿ ಹಾಕಿದ ದಿನ, ಬಕೆಟಿನ ನೀರನ್ನು ಮೂಸಿದ ದಿನ, ನಿಜವಾಗಿ ಕುಡಿದ ದಿನ ಎಂದು ಮೂರು ಕಲಮುಗಳನ್ನು ಗೆರೆ ಹಾಕಿ, ಹಟ್ಟಿಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಇವತ್ತಿಗೆ ಎರಡನೆಯ ಕಲಮು ಮಾತ್ರ ತುಂಬಿದೆ.